ಕನ್ನಡಿಗೆ ಬೆನ್ನು ತಿರುಗಿಸಿದ ಬೆಳಿಗ್ಗೆ

ಅಂಗಡಿಯ ಶಟರ್ ಅರ್ಧಕ್ಕೆ ಎದ್ದಿದೆ. ಒಳಗಿನ್ನೂ ದೀಪ ಹಾಕಿಲ್ಲ. ಎರಡು ಕುರ್ಚಿಗಳ ನಡುವಿನ ಇಕ್ಕಟ್ಟಿನಲ್ಲಿ ಕ್ಷೌರಿಕ ಕಾಲುಗಳನ್ನು ಭುಜದಗಲಕ್ಕೆ ಇಟ್ಟು, ಮೊಣಕಾಲು ತುಸು ಸಡಿಲಿಸಿ, ಹೊಟ್ಟೆಯ ಮುಂದೆ ಎರಡೂ ಅಂಗೈಗಳನ್ನು ಎದುರುಬದುರಾಗಿ ಹಿಡಿದು ನಿಂತಿದ್ದಾನೆ. ಅಂಗೈಗಳ ನಡುವೆ ಒಂದು ಚೆಂಡಿದೆ ಎಂದುಕೊಳ್ಳಬೇಕು. ಉಸಿರು ಒಳಗೆ ಬಂದಾಗ ಅದು ಹಿಗ್ಗಬೇಕು, ಹೊರಗೆ ಹೋದಾಗ ಕುಗ್ಗಬೇಕು. ಅವನ ಚೆಂಡು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಬಲಗೈಯ ಹೆಬ್ಬೆರಳು ಮತ್ತು ಉಂಗುರದ ಬೆರಳು ಮಾತ್ರ ತಮ್ಮ ಪಾಡಿಗೆ ತಾವು ತೆರೆದು ಮುಚ್ಚುತ್ತಿವೆ.

ಅದು ಕಸುಬಿನಿಂದ ಬಂದ ಚಾಳಿ. ಕೂದಲಿಗೆ ತಾಗುವ ಮುಂಚೆಯೂ, ಒಂದು ಕಿವಿಯಿಂದ ಇನ್ನೊಂದು ಕಿವಿಯ ಕಡೆಗೆ ಕೈ ಸಾಗುವಾಗಲೂ ಕತ್ತರಿ ಗಾಳಿಯಲ್ಲಿ ಚಿಕ್ ಚಿಕ್ ಎನ್ನುತ್ತಲೇ ಇರಬೇಕು. ನಿಂತರೆ ಲಯ ಕೆಡುತ್ತದೆ. ಕತ್ತರಿ ನಿಂತರೂ ಇವನ ಮಾತು ನಿಲ್ಲುವುದಿಲ್ಲವೆಂದು ಬೀದಿಯವರು ಇವನಿಗೆ ರೇಡಿಯೊ ಎಂದು ಅಡ್ಡಹೆಸರಿಟ್ಟಿದ್ದರು. ಅವನಿಗೂ ಅದು ಹಿಡಿಸಿತ್ತು. ಗಿರಾಕಿಗಳು ಅರ್ಧ ಬರುವುದು ಕೂದಲಿಗೆ, ಇನ್ನರ್ಧ ಬರುವುದು ನಗುವುದಕ್ಕೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಯಾರ ನಡಿಗೆಯನ್ನಾದರೂ ಒಮ್ಮೆ ನೋಡಿದರೆ ಸಾಕು, ಹಾಗೇ ನಡೆದು ತೋರಿಸುತ್ತಿದ್ದ.

ಅಂಗಡಿಯ ಹಿಂದೆಯೇ ಮನೆ. ನಡುವೆ ಬಾಗಿಲಿಲ್ಲ, ಒಂದು ಪರದೆ. ಪರದೆಯ ಆಚೆ ಅವನ ಹೆಂಡತಿ ಅಂಗಡಿಯ ಟವೆಲುಗಳನ್ನು ಒಗೆದು, ಒಣಗಿಸಿ, ನಾಲ್ಕು ಮೂಲೆ ಸರಿಯಾಗಿ ಕೂಡುವಂತೆ ಮಡಚಿ ತಂದಿಡುತ್ತಾಳೆ. ಅಂಗಡಿ ತೆರೆದಾಗಿನಿಂದ ಆ ಕೆಲಸ ಅವಳದೇ. ಅವಳ ಅಕ್ಕ ತೀರಿಕೊಂಡ ಮೇಲೂ ಅದೊಂದು ನಿಲ್ಲಲಿಲ್ಲ. ಉಳಿದದ್ದೆಲ್ಲ ಒಂದೊಂದಾಗಿ ನಿಂತಿತು. ಮೊದಲು ಸಂತೆಗೆ ಹೋಗುವುದು, ಆಮೇಲೆ ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂತು ಹರಟುವುದು. ಸಾಲಿನಲ್ಲಿ ನಿಂತರೆ ಎದೆ ಡವಡವ ಅನ್ನುತ್ತದೆ, ಯಾರೋ ಕುತ್ತಿಗೆ ಹಿಡಿದ ಹಾಗಾಗುತ್ತದೆ ಎನ್ನುತ್ತಿದ್ದಳು. ಡಾಕ್ಟರು ಮಾತ್ರೆ ಕೊಟ್ಟರು. ಸ್ವಲ್ಪ ನಿದ್ದೆ ಬಂತು. ಮಾತ್ರೆಯ ಜೊತೆಗೆ ಮೈಯನ್ನೂ ಆಡಿಸಬೇಕು, ನಾಲ್ಕು ಜನರ ಮುಖ ನೋಡಬೇಕು ಎಂದೂ ಡಾಕ್ಟರು ಹೇಳಿದ್ದರು.

ಅವಳನ್ನು ಮನೆಯಿಂದ ಹೊರಡಿಸಿದವರು ಹಿಂದಿನ ಬೀದಿಯ ನರ್ಸಕ್ಕ. ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ಅವರು ಗ್ರಂಥಾಲಯದ ಹಿಂಬದಿಯ ತಗಡಿನ ಚಪ್ಪರದಲ್ಲಿ ವಾರಕ್ಕೆ ಮೂರು ಬೆಳಿಗ್ಗೆ ಚಿಗಾಂಗ್ ಹೇಳಿಕೊಡುತ್ತಾರೆ. ಚೀನಾ ದೇಶದ ಹಳೆಯ ವ್ಯಾಯಾಮ, ಬೆವರು ಬರಿಸುವಂಥದ್ದಲ್ಲ. ನೀರಿನೊಳಗೆ ಕೈಯಾಡಿಸಿದಷ್ಟು ನಿಧಾನ, ಉಸಿರಿನ ಜೊತೆಗೆ ಚಲನೆ, ಮನಸ್ಸು ಅಂಗೈಯಲ್ಲಿ. "ರೋಗ ವಾಸಿ ಮಾಡ್ತೀನಿ ಅಂತ ನಾನು ಹೇಳಲ್ಲ. ಮಾತ್ರೆ ಬಿಡಬೇಡಿ. ಬಂದು ಅರ್ಧ ಗಂಟೆ ನಿಂತುಕೊಳ್ಳಿ, ಅಷ್ಟೆ," ಎಂದು ನರ್ಸಕ್ಕ ಅವಳ ಕೈ ಹಿಡಿದು ಕರೆದುಕೊಂಡು ಹೋದರು.

ಮೊದಲ ದಿನ ಅವಳು ಚಪ್ಪರದ ಕಂಬಕ್ಕೆ ಒರಗಿಯೇ ನಿಂತಿದ್ದಳಂತೆ. ಕೆಲವು ವಾರಗಳಲ್ಲಿ ಕಂಬ ಬಿಟ್ಟಳು. ಟವೆಲ್ ಹಿಂಡುವಾಗ ಏನೋ ಗುನುಗುತ್ತಿದ್ದದ್ದು ಪರದೆಯ ಈಚೆಗೂ ಕೇಳಿಸಿತು. ಒಂದು ದಿನ ಯಾರನ್ನೂ ಕರೆಯದೆ ಸಂತೆಗೆ ಹೋಗಿ ಬದನೆಕಾಯಿ ತಂದಳು. ಬದನೆಕಾಯಿ ಬಲಿತಿತ್ತು, ರೇಡಿಯೊ ಒಂದು ಮಾತೂ ಆಡದೆ ತಿಂದ.

ಅದೇ ರಾತ್ರಿ ಊಟವಾದ ಮೇಲೆ ಅವಳು ಕೇಳಿದಳು. "ನೀವೂ ಒಂದ್ಸಲ ಬನ್ನಿ. ಬೆನ್ನುನೋವು ಬೆನ್ನುನೋವು ಅಂತ ಒದ್ದಾಡ್ತೀರಲ್ಲ."

"ದಿನವಿಡೀ ಕೈ ಎತ್ತಿಕೊಂಡೇ ನಿಂತಿರ್ತೀನಿ. ಇನ್ನು ಅಲ್ಲಿ ಹೋಗಿ ಬೇರೆ ಎತ್ತಬೇಕಾ?"

ಅವಳು ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದಳು. "ನೋಡಿ ಇಲ್ಲಿ, ಇದಕ್ಕೆ ಮೋಡ ಸರಿಸೋದು ಅಂತಾರೆ," ಎಂದು ಎದ್ದು ನಿಂತು, ಎರಡೂ ಕೈ ಮುಖದವರೆಗೆ ಎತ್ತಿ, ಅಂಗೈ ಹೊರಕ್ಕೆ ತಿರುಗಿಸಿ, ಸೊಂಟ ತಿರುಗಿಸುತ್ತ ನಿಧಾನವಾಗಿ ಬಿಡಿಸಿದಳು. ತಿರುಗುವಾಗ ಹಿಮ್ಮಡಿ ಎದ್ದು ಮುಗ್ಗರಿಸಿದಳು. ಗೋಡೆ ಹಿಡಿದು, ತುಟಿ ಕಚ್ಚಿಕೊಂಡು, "ಇದೊಂದು ನಂಗೆ ಇನ್ನೂ ಬಂದಿಲ್ಲ," ಎಂದಳು. ಅಡುಗೆಮನೆಯ ಬೆಳಕಿನಲ್ಲಿ, ಗಂಡನೊಬ್ಬನ ಮುಂದೆ ಮಾಡಿ ತೋರಿಸಿದ್ದು ಅದು.

ಅಂಗಡಿಯಲ್ಲಿ ಅವನು ಅದನ್ನು ಮಾಡಿ ತೋರಿಸಬೇಕೆಂದು ಯೋಚಿಸಿರಲಿಲ್ಲ. ಬಸ್ ಡ್ರೈವರು ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ. ಬೆಂಚಿನ ಮೇಲೆ ಮೂವರಿದ್ದರು. "ಏನಣ್ಣ, ಅತ್ತಿಗೆ ಬೆಳಗಾಗೆದ್ದು ಎಲ್ಲಿಗೋ ಹೋಗ್ತಾರೆ?" ಎಂದು ಡ್ರೈವರು ಕೇಳಿದ. ರೇಡಿಯೊ ರೇಜರ್ ಕೆಳಗಿಟ್ಟ. "ಆಕಾಶದಲ್ಲಿ ಕಸ ಗುಡಿಸೋ ಕೆಲಸ ಸಿಕ್ಕಿದೆ," ಎಂದ. ಬೆಂಚಿನವರು ನಕ್ಕರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅವನು ಬೆಂಚಿನ ಕಡೆಗೆ ತಿರುಗಿ, ಮೋಡ ಸರಿಸಿದ. ಕಣ್ಣು ಅರೆಮುಚ್ಚಿದ. ಹಿಮ್ಮಡಿ ಎತ್ತಿ ಮುಗ್ಗರಿಸಿ, ಕುರ್ಚಿ ಹಿಡಿದು, ತುಟಿ ಕಚ್ಚಿಕೊಂಡ.

ಕ್ಷೌರಿಕ ಯಾವತ್ತೂ ಕನ್ನಡಿಗೆ ಬೆನ್ನು ಕೊಡುವುದಿಲ್ಲ. ಗಿರಾಕಿಯ ಮುಖ, ಬಾಗಿಲಲ್ಲಿ ಬಂದವರು, ಹಿಂದಿನ ಪರದೆ ಎಲ್ಲವನ್ನೂ ಅವನು ನೋಡುವುದು ಅದರಲ್ಲೇ. ಆವತ್ತು ನಗುವವರು ಬೆಂಚಿನಲ್ಲಿದ್ದುದರಿಂದ ಅವನು ಬೆಂಚಿಗೆ ಮುಖ ಮಾಡಿದ್ದ. ನಗು ಥಟ್ಟನೆ ನಿಂತಾಗ ತಮಾಷೆ ಸಪ್ಪೆಯಾಯಿತೆಂದುಕೊಂಡು ಇನ್ನೊಮ್ಮೆ, ಇನ್ನಷ್ಟು ಜೋರಾಗಿ ಮುಗ್ಗರಿಸಿದ. ಯಾರೂ ನಗಲಿಲ್ಲ. ತಿರುಗಿ ನೋಡಿದರೆ ಕನ್ನಡಿಯಲ್ಲಿ ಪರದೆ ಅಲ್ಲಾಡುತ್ತಿತ್ತು. ಸ್ಟೂಲಿನ ಮೇಲೆ ಮಡಚಿದ ಟವೆಲುಗಳಿದ್ದವು, ಮೂಲೆಗೆ ಮೂಲೆ ಸರಿಯಾಗಿ ಕೂಡಿದ್ದವು.

ಜಗಳವಾಗಲಿಲ್ಲ. ಮುಂದಿನ ತರಗತಿಯ ದಿನ ಅವಳು ಎಂದಿನಂತೆ ಹೊರಟಳು. ಬಸ್ ನಿಲ್ದಾಣದ ಹತ್ತಿರ ಡ್ರೈವರು ಸ್ಟೀರಿಂಗಿನಿಂದ ಎರಡೂ ಕೈ ಎತ್ತಿ, ಕೆಟ್ಟ ಮನಸ್ಸೇನೂ ಇಲ್ಲದೆ, "ಮೋಡ ಸರಿಸೋಕಾ ಅತ್ತಿಗೆ?" ಎಂದ. ಅವಳು ಅರ್ಧ ದಾರಿಯಿಂದ ಹಿಂದಿರುಗಿದಳು. ಮೊಣಕಾಲು ನೋವು ಎಂದಳು. ರೇಡಿಯೊ ನಂಬಿದ. ನಂಬುವುದು ಅವನಿಗೂ ಅನುಕೂಲವಾಗಿತ್ತು. ಅಂಗಡಿಯಲ್ಲಿ ಆ ಆಟಕ್ಕೆ ಬೇಡಿಕೆ ಇತ್ತು. ಅವಳು ಮನೆಯ ಹಿಂದೆ ಬಟ್ಟೆ ಒಗೆಯುವ ಹೊತ್ತು ನೋಡಿಕೊಂಡು ಇನ್ನೂ ಕೆಲವು ಸಲ ಆಡಿದ.

ನರ್ಸಕ್ಕ ಅವಳನ್ನು ವಿಚಾರಿಸಲು ಅಂಗಡಿಗೆ ಬಂದಾಗ ಸಂತೆಗೆ ಹೋಗುವುದು ಮತ್ತೆ ನಿಂತಿತ್ತು. ಡಾಕ್ಟರು ಮಾತ್ರೆಯನ್ನು ಹೆಚ್ಚಿಸಿದ್ದರು. ನರ್ಸಕ್ಕ ಒಳಗೆ ಬಾರದೆ ಮೆಟ್ಟಿಲ ಮೇಲೆಯೇ ನಿಂತರು.

"ಅವಳಿಗೆ ಮೊಣಕಾಲು ನೋವಕ್ಕ," ಎಂದ ರೇಡಿಯೊ.

"ಮೊಣಕಾಲು ನೋವಿದ್ದವರು ಕುರ್ಚಿ ಮೇಲೆ ಕೂತು ಮಾಡ್ತಾರೆ. ಅದು ನಿಮ್ಮ ಮನೆಯವರಿಗೂ ಗೊತ್ತು." ಬೆಂಚಿನ ಕಡೆಗೊಮ್ಮೆ ನೋಡಿ ಕೇಳಿದರು, "ಇಲ್ಲಿ ಏನೋ ನಾಟಕ ನಡೆಯುತ್ತಂತೆ?"

ಬೆಂಚಿನವರು ಪೇಪರಿನಲ್ಲಿ ಮುಖ ಹುದುಗಿಸಿದರು. ರೇಡಿಯೊ ಕತ್ತರಿ ಒರೆಸತೊಡಗಿದ.

ಆ ಸಂಜೆ ಅವನು ಪರದೆ ಸರಿಸಿ ಒಳಗೆ ಹೋಗಿ, "ಆವತ್ತು ಅಂಗಡೀಲಿ..." ಎಂದು ಶುರು ಮಾಡಿದ. "ಟವೆಲ್ ಒಣಗಿದ್ಯಾ ನೋಡ್ತೀರಾ?" ಎಂದಳು ಅವಳು. ಇನ್ನೊಂದು ದಿನ ಮತ್ತೆ ಶುರು ಮಾಡಿದ. ಆಗ ಅವಳು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

"ನೀವು ನಗಿಸಿದಿರಿ ಅಂತ ಬೇಜಾರಿಲ್ಲ. ನಗಿಸೋದೇ ನಿಮ್ಮ ಬುದ್ಧಿ. ಆದ್ರೆ ತುಂಬ ಚೆನ್ನಾಗಿ ಮಾಡಿದಿರಿ. ನಾನು ಹಾಗೇ ಕಾಣ್ತೀನಿ ಅಂತ ಗೊತ್ತಾಯ್ತು."

"ಇಲ್ಲ ಕಣೇ, ನಾನು ಸುಮ್ನೆ..."

"ಈಗ ಕೈ ಎತ್ತಿದ್ರೆ ಕಣ್ಮುಂದೆ ಮೋಡ ಬರಲ್ಲ. ನೀವು ಬರ್ತೀರಿ."

ಅವನು ಎಷ್ಟೋ ಜನರ ನಡಿಗೆ ಆಡಿ ತೋರಿಸಿದ್ದ. ಅವರಲ್ಲಿ ಯಾರಾದರೂ ಆಮೇಲೆ ನಡೆಯುವುದನ್ನೇ ಬಿಟ್ಟಿರಬಹುದು ಎಂಬ ಯೋಚನೆ ಅವನಿಗೆ ಅದುವರೆಗೆ ಬಂದಿರಲಿಲ್ಲ.

ಚಪ್ಪರಕ್ಕೆ ಅವನು ಹೋಗಲಾರಂಭಿಸಿದ್ದು ಹೀಗೆ. ತಾನು ಕಲಿತರೆ, ಎಲ್ಲರೆದುರು ತಾನೂ ಮುಗ್ಗರಿಸಿದರೆ, ಒಂದಲ್ಲ ಒಂದು ದಿನ ಅವಳು ಜೊತೆಗೆ ಹೊರಟಾಳು ಎಂಬುದು ಅವನ ಲೆಕ್ಕ. ಮೊದಲ ದಿನ ನರ್ಸಕ್ಕ ಎಲ್ಲರೆದುರೇ ಹೇಳಿದರು, "ಇಲ್ಲಿ ಯಾರೂ ಕಟಿಂಗ್ ಮಾಡಿಸೋಕೆ ಬಂದಿಲ್ಲ. ಬೆರಳು ನಿಲ್ಲಿಸಿ." ಬೆರಳು ನಿಲ್ಲಲಿಲ್ಲ. ಬಸ್ಸಿನ ಕಿಟಕಿಯಿಂದ ಡ್ರೈವರು ನೋಡಿದ. ಆ ವಾರ ಕುರ್ಚಿಯಲ್ಲಿ ಕೂತು, "ಅಣ್ಣ, ಆ ಮೋಡದ ಆಟ ಒಂದ್ಸಲ ಆಗ್ಲಿ," ಎಂದ.

"ಆ ಸ್ಟೇಷನ್ ಮುಚ್ಚಿದೆ," ಎಂದ ರೇಡಿಯೊ.

ಡ್ರೈವರು ಕನ್ನಡಿಯಲ್ಲಿ ಅವನ ಮುಖ ನೋಡಿದ. "ನಾನೂ ಆವತ್ತು ಸುಮ್ನಿರಬೇಕಿತ್ತು," ಎಂದ. ರೇಡಿಯೊ ಅವನ ಗಲ್ಲ ಎತ್ತಿ ರೇಜರ್ ಎಳೆದ.

ಈಗ, ಅರ್ಧ ಎದ್ದ ಶಟರಿನ ಹಿಂದೆ, ಅವನು ಚೆಂಡು ಬಿಟ್ಟು ಮೋಡಕ್ಕೆ ಕೈ ಎತ್ತಿದ್ದಾನೆ. ಈ ಸಲ ಮುಖ ಕನ್ನಡಿಗೆ. ಪರದೆ ಸರಿದದ್ದು ಕಾಣಿಸುತ್ತದೆ. ಟವೆಲುಗಳನ್ನು ಎದೆಗೊತ್ತಿಕೊಂಡು ಅವಳು ನಿಂತಿದ್ದಾಳೆ. ಅವನು ನಿಲ್ಲಿಸುವುದಿಲ್ಲ. ಸೊಂಟ ತಿರುಗಿಸುತ್ತಾನೆ, ಹಿಮ್ಮಡಿ ಏಳುತ್ತದೆ, ನಿಜವಾಗಿಯೇ ಮುಗ್ಗರಿಸಿ ಕುರ್ಚಿ ಹಿಡಿಯುತ್ತಾನೆ.

"ಹಿಮ್ಮಡಿ ಊರಿ ಆಮೇಲೆ ತಿರುಗಿ," ಎನ್ನುತ್ತಾಳೆ ಅವಳು.

"ಹೀಗಾ?"

"ಅಲ್ಲ."

ಅವನು ಕಾಯುತ್ತಾನೆ. ತೋರಿಸಬೇಕಾದರೆ ಅವಳು ಟವೆಲ್ ಕೆಳಗಿಡಬೇಕು. ಇಡುತ್ತಾಳೆ, ಸ್ಟೂಲಿನ ಮೇಲೆ, ಮೂಲೆಗೆ ಮೂಲೆ ಕೂಡಿಸಿ. ಬರಿಗೈ ಸೊಂಟದವರೆಗೆ ಏಳುತ್ತದೆ. ಕನ್ನಡಿಯಲ್ಲಿ ತನ್ನನ್ನೇ ಕಂಡು ಆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ.

"ನಾಳೆ ನೀನೂ..." ಎನ್ನುತ್ತಾನೆ.

"ಇವತ್ತು ಸಂಜೆ ಡಾಕ್ಟರ ಹತ್ರ ಹೋಗಬೇಕು. ನೆನಪಿದೆ ತಾನೆ?"

"ಇದೆ."

ಅವಳು ಒಳಗೆ ಹೋಗುತ್ತಾಳೆ. ಅವನು ಶಟರನ್ನು ಪೂರ್ತಿ ಎತ್ತಿ ದೀಪ ಹಾಕುತ್ತಾನೆ.

ಮರುದಿನ ಅವನು ಒಬ್ಬನೇ ಚಪ್ಪರಕ್ಕೆ ಹೋಗುತ್ತಾನೆ. ಅವಳು ನಿಲ್ಲುತ್ತಿದ್ದ, ಕಂಬದ ಪಕ್ಕದ ಜಾಗವನ್ನು ನರ್ಸಕ್ಕ ಯಾರಿಗೂ ಕೊಟ್ಟಿಲ್ಲ. ಅವನು ಅದರ ಪಕ್ಕದಲ್ಲಿ ನಿಲ್ಲುತ್ತಾನೆ. ತರಗತಿ ಇರುವ ದಿನಗಳಲ್ಲಿ ಅಂಗಡಿ ಒಂದು ಗಂಟೆ ತಡವಾಗಿ ತೆರೆಯುತ್ತದೆ.