ಮೋಟಾರ್ ಹಿಡಿಯಲು ಒಬ್ಬ

ಹಳೆಯ ಕಾರು ಮಾರುವ ಮೊದಲು ಡಿಕ್ಕಿ ಖಾಲಿ ಮಾಡುತ್ತಿದ್ದೆ. ಸ್ಪೇರ್ ಟೈರಿನ ಸಂದಿಯಲ್ಲಿ ಒಂದು ರಬ್ಬರ್ ಗ್ಲವ್ ಸಿಕ್ಕಿತು. ಮೂಗಿನ ಹತ್ತಿರ ತರಬೇಕಾಗಿಯೇ ಇರಲಿಲ್ಲ. ಪೆಟ್ರೋಲು, ಹೊಳೆಯ ಕೆಸರು, ಮೀನು... ಮೀನು ತಿನ್ನದ ಮನೆಯಲ್ಲಿ ಬೆಳೆದ ನಾನು ಹೆಂಡತಿಯ ಕಣ್ಣಿಗೆ ಬೀಳದಂತೆ ಅದನ್ನು ಅಲ್ಲಿ ತುರುಕಿ ಮರೆತೇಬಿಟ್ಟಿದ್ದೆ.

ಆಗ ನನ್ನ ಪ್ರಾಜೆಕ್ಟ್ ಡೆಟ್ರಾಯ್ಟ್ ಪಕ್ಕದ ಡಿಯರ್‌ಬಾರ್ನ್‌ನಲ್ಲಿ, ಹೆಂಡತಿಯ ಕೆಲಸ ಚಿಕಾಗೋ ಪಕ್ಕದ ಶಾಮ್‌ಬರ್ಗ್‌ನಲ್ಲಿ. ಶುಕ್ರವಾರ ಸಂಜೆ ಮುನ್ನೂರು ಮೈಲಿ ಆ ಕಡೆಗೆ, ಭಾನುವಾರ ಮುನ್ನೂರು ಮೈಲಿ ಈ ಕಡೆಗೆ. ನಾನು ಬಾಡಿಗೆಗಿದ್ದ ಮನೆಯ ಪಕ್ಕದಲ್ಲಿ ಧಾರವಾಡದ ಕಡೆಯ ಅಂಕಲ್ ಒಬ್ಬರಿದ್ದರು. ಕಾರು ಕಂಪನಿಯಿಂದ ನಿವೃತ್ತರಾದ ಎಂಜಿನಿಯರ್. ಆಂಟಿ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಚಿಕಾಗೋ ಕಡೆಗೆ ಮದುವೆಯಾಗಿ ಹೋಗಿದ್ದಳು. ಅವರ ಡ್ರೈವ್‌ವೇಯಲ್ಲಿ ಒಂದು ಅಲ್ಯುಮಿನಿಯಂ ಬೋಟು ಇತ್ತು.

ಅವರೂ ಮೀನು ತಿನ್ನುವವರಲ್ಲ. ವಸಂತದಲ್ಲಿ ಡೆಟ್ರಾಯ್ಟ್ ನದಿಗೆ ಏರಿ ಬರುವ ವಾಲೈ ಎಂಬ ಗಾಜುಗಣ್ಣಿನ ಮೀನನ್ನು ಹಿಡಿದು, ಎದುರುಮನೆಯ ಅಮೆರಿಕನ್ ಅಜ್ಜಿಗೆ ಕೊಟ್ಟು, ಸ್ನಾನ ಮಾಡಿ ಜೋಳದ ಭಕ್ಕರಿ ಬಡಿಯಲು ಕೂರುತ್ತಿದ್ದರು. "ತಿನ್ನದೇ ಇರೋರು ಯಾಕೆ ಹಿಡೀತೀರ ಅಂಕಲ್?" ಎಂದು ಕಾಲೆಳೆದರೆ, "ಹಿಡಿಯೂದು ಬ್ಯಾರೆ, ತಿನ್ನೂದು ಬ್ಯಾರೆ" ಎಂದು ಮಾತು ಮುಗಿಸಿಬಿಡುತ್ತಿದ್ದರು.

ಹಿಡಿಯುವ ರೀತಿಯೂ ಹಳೆಯದು. ಉಳಿದವರ ಬೋಟುಗಳಲ್ಲಿ ನಾಲ್ಕಾರು ಗಾಳದ ಕೋಲು ನಿಂತಿರುತ್ತಿದ್ದವು. ಇವರಿಗೆ ಕೋಲೇ ಇಲ್ಲ. ಬೋಟಿನ ಅಂಚಿಗೆ ಸ್ಪ್ರಿಂಗ್ ಇರುವ ಒಂದು ಚಕ್ರ, ಅದರಿಂದ ನೀರಿಗಿಳಿಯುವ ಉಕ್ಕಿನ ತಂತಿ, ತುದಿಯಲ್ಲಿ ಒಂದೂವರೆ ಪೌಂಡಿನ ಸೀಸದ ಗುಂಡು. ಗುಂಡಿಗಿಂತ ಸ್ವಲ್ಪ ಮೇಲೆ ಎರಡು ದಾರ, ಒಂದು ಗಿಡ್ಡ, ಒಂದು ಉದ್ದ. ಅವುಗಳ ಕೊನೆಗೆ ಮರಿಮೀನಿನಂತೆ ಬಣ್ಣ ಬಳಿದ ಗಾಳ. ಪ್ರವಾಹಕ್ಕೆ ಎದುರಾಗಿ ಬೋಟು ಮೆಲ್ಲಗೆ ಸಾಗುವಾಗ ಬರಿಗೈಯಲ್ಲಿ ತಂತಿ ಎತ್ತಬೇಕು, ಬಿಡಬೇಕು. ಗುಂಡು ತಳ ತಟ್ಟಿದ್ದು ಬೆರಳಿಗೆ ಗೊತ್ತಾಗಬೇಕು. ತಳ ತಪ್ಪಿದರೆ ಮೀನಿಲ್ಲ. ತಳದಲ್ಲೇ ಎಳೆದರೆ ಕಲ್ಲಿಗೆ ಸಿಕ್ಕಿ ಎಲ್ಲವೂ ಹೋಯಿತು.

ಎಷ್ಟೋ ವರ್ಷ ಅವರು ಒಂದು ಕೈ ಮೋಟಾರಿಗೆ, ಒಂದು ಕೈ ತಂತಿಗೆ ಕೊಟ್ಟು ಒಬ್ಬರೇ ಹೋಗಿದ್ದರು. ಹಿಂದಿನ ವರ್ಷ ಕಾಲು ಜಾರಿ ನೀರಿಗೆ ಬಿದ್ದರು. ಆಗಿನಿಂದ ಮಗಳದ್ದು ಒಂದೇ ಹಟ. ಜೊತೆಗೆ ಯಾರಾದರೂ ಇದ್ದರೆ ನದಿ. ಇಲ್ಲದಿದ್ದರೆ ಬೋಟು ಮಾರಿ ತನ್ನ ಮನೆಗೆ ಬಂದುಬಿಡಬೇಕು.

ಆ ಏಪ್ರಿಲ್‌ನಲ್ಲಿ ಹೆಂಡತಿ ತಂಗಿಯ ಮದುವೆಗೆಂದು ಮೈಸೂರಿಗೆ ಹೋಗಿದ್ದಳು. ನಾಲ್ಕು ಶನಿವಾರ ನಾನು ಮೋಟಾರ್ ಹಿಡಿದೆ. ಬೋಟು ಅಡ್ಡಡ್ಡ ಹೋದಾಗಲೆಲ್ಲ ಅಂಕಲ್, "ಹಗೂರಕ ತಮ್ಮಾ, ನದೀ ಜೋಡಿ ಜಗಳಾಡಬ್ಯಾಡ" ಎನ್ನುತ್ತಿದ್ದರು. ಒಮ್ಮೆ ತಂತಿಯನ್ನು ನನ್ನ ಕೈಗೇ ಕೊಟ್ಟರು. ಮೂವತ್ತು ಅಡಿ ಕೆಳಗಿನ ಕಲ್ಲು ನನ್ನ ಬೆರಳಿಗೆ ಬಂದು ತಾಗಿತು. ಆಮೇಲೆ ಮೀನೂ ಬಂತು. ಅವರು ಕೊಟ್ಟ ರಬ್ಬರ್ ಗ್ಲವ್ ಹಾಕಿಕೊಂಡು ನಾನು ಹೆದರುತ್ತಲೇ ಅದನ್ನು ಎತ್ತಿ ಹಿಡಿದ ಫೋಟೋವನ್ನು ಮಗಳಿಗೆ ಕಳಿಸಿದರು. ಆ ಊರಿನಲ್ಲಿ ನಾನು ಖುಷಿಯಾಗಿದ್ದದ್ದು ಆ ನಾಲ್ಕು ಬೆಳಗುಗಳಲ್ಲಿ ಮಾತ್ರ. ಅದನ್ನು ಅವರಿಗೆ ಹೇಳಲಿಲ್ಲ.

ಹೆಂಡತಿ ವಾಪಸ್ ಬಂದಳು, ಮತ್ತೆ ಶುಕ್ರವಾರದ ಹೈವೇ. ಈ ವಾರ ಆಗುವುದಿಲ್ಲ ಎಂದೆ. ಮುಂದಿನ ವಾರವೂ ಅದನ್ನೇ ಹೇಳಿದೆ. ಮೂರನೆಯ ವಾರ ಅವರು ಕೇಳುವುದನ್ನೇ ಬಿಟ್ಟರು. ಬೇರೆ ಯಾರೋ ಸಿಕ್ಕಿರಬೇಕು ಎಂದುಕೊಂಡೆ. ವಿಚಾರಿಸಲಿಲ್ಲ. ಯಾರೂ ಸಿಕ್ಕಿಲ್ಲ ಎಂದುಬಿಟ್ಟರೆ ಏನು ಮಾಡುವುದೆಂಬ ಭಯ.

ಒಂದು ಶನಿವಾರ ಹೆಂಡತಿ ತನ್ನ ಆಫೀಸಿನ ಗೆಳತಿಯ ಮನೆಗೆ ಸತ್ಯನಾರಾಯಣ ಪೂಜೆಗೆಂದು ನನ್ನನ್ನು ಚಿಕಾಗೋ ಕಡೆಯ ಪ್ಲೇನ್‌ಫೀಲ್ಡಿಗೆ ಕರೆದುಕೊಂಡು ಹೋದಳು. ಮಂಗಳಾರತಿ ಮುಗಿದು ಪ್ರಸಾದದ ಸಜ್ಜಿಗೆ ಕೈಗೆ ಬಂದಿತ್ತು. ಮನೆಯಾಕೆ ನನ್ನನ್ನೇ ದಿಟ್ಟಿಸಿ ನೋಡಿದರು.

"ಸಾರಿ... ನಮ್ಮಪ್ಪ ಕಳಿಸಿದ್ದ ಫೋಟೋದಾಗ ಇದ್ದವರು ನೀವಲ್ಲಾ? ಇವತ್ತ ನೀವು ಅವರ ಜೋಡಿ ಡೆಟ್ರಾಯ್ಟ್‌ನ್ಯಾಗ ಇರಬೇಕಲ್ಲ?"

ಪೂಜೆಗೆ ಬರದಿರಲು ಅಂಕಲ್ ಕೊಟ್ಟ ಕಾರಣವೇ ನಾನಂತೆ. ಪಕ್ಕದ ಮನೆಯವನಿಗೆ ಮಾತು ಕೊಟ್ಟಿದ್ದೇನೆ, ಪ್ರತಿ ಶನಿವಾರ ಅವನು ಕಾಯುತ್ತಾನೆ ಎಂದಿದ್ದರಂತೆ. ಅವರನ್ನು ಉಳಿಸಲು ಸುಳ್ಳು ಹೇಳೋಣವೆಂದರೆ ನಾನೇ ಅಲ್ಲಿ ಎದ್ದು ಕಾಣುವಂತೆ ನಿಂತಿದ್ದೆ.

ಆಕೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದರು. ತುಂಬ ಹೊತ್ತು ರಿಂಗ್ ಆಯಿತು. ನಾನು ಯಾವ ದೇವರನ್ನು ನೆನೆದೆನೋ ಗೊತ್ತಿಲ್ಲ. ಕೊನೆಗೆ ಗಾಳಿಯ ಸದ್ದು, ಮೋಟಾರಿನ ಸದ್ದು ಕೇಳಿತು.

"ಅಪ್ಪಾ, ನೀ ಒಬ್ಬನ ಇದ್ದೀಯೇನು?"

"ಏ ಇಲ್ಲವ್ವಾ. ತಮ್ಮ ಇಲ್ಲೇ ಕೂತಾನ, ಮೋಟಾರ್ ಹಿಡದಾನ. ಭಾಳ ಛಲೋ ಕಲತಾನ ಈಗ."

ಆಕೆ "ಹುಷಾರಿ ಅಪ್ಪಾ" ಎಂದಷ್ಟೇ ಹೇಳಿ ಫೋನ್ ಇಟ್ಟರು. ಕಣ್ಣು ತುಂಬಿತ್ತು. "ಇನ್ನೊಮ್ಮೆ ಬಿದ್ದರ ಯಾರು ಎತ್ತವರು, ಹೇಳ್ರಿ?" ಎಂದರು. ಆಕೆಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ತಿಂಗಳೊಳಗೆ ಬೋಟು ಹೋಯಿತು, ಆಮೇಲೆ ಮನೆಯೂ ಹೋಯಿತು. ಡಬ್ಬಗಳನ್ನು ವ್ಯಾನಿಗೆ ತುಂಬಲು ನಾನೂ ಕೈ ಹಾಕಿದೆ. "ನಾನು ಅವತ್ತು ಆ ಮನೆಗೆ ಹೋಗಬಾರದಿತ್ತು ಅಂಕಲ್" ಎಂದೆ.

ಅವರು ಟೇಪು ಹಚ್ಚುತ್ತಲೇ ಹೇಳಿದರು: "ಅಲ್ಲಿಗೆ ಹೋದದ್ದಕ್ಕ ಏನಿಲ್ಲ ತಮ್ಮಾ. ಇಲ್ಲಿಗೆ ಬರಲಿಲ್ಲಲಾ."

ಪ್ಲೇನ್‌ಫೀಲ್ಡಿನಲ್ಲಿ ಅವರು ಎರಡು ಚಳಿಗಾಲ ಇದ್ದರು. ಅಷ್ಟರಲ್ಲಿ ನನ್ನ ಪ್ರಾಜೆಕ್ಟ್ ಮುಗಿದು ನಾನೂ ಶಾಮ್‌ಬರ್ಗ್‌ಗೆ ಬಂದಿದ್ದೆ. ನಡುವೆ ನಲವತ್ತೇ ಮೈಲಿ. ನಾನು ಹೋದದ್ದು ಒಂದೇ ಸಲ. ನಾಚಿಕೆಯಿಂದ ಮುಂದೂಡುತ್ತ ಹೋದೆ, ಮುಂದೂಡಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು... ಅವರು ಹೋದ ಸುದ್ದಿ ಹೆಂಡತಿಯ ಫೋನಿಗೆ ಬಂತು.

ಈಗ ಶನಿವಾರ ಬೆಳಿಗ್ಗೆ ನನಗೆ ಎಲ್ಲಿಗೂ ಹೋಗುವುದಿರುವುದಿಲ್ಲ. ಕಾಫಿ ಹಿಡಿದು ಪಾರ್ಕಿಂಗ್ ಲಾಟ್ ನೋಡುತ್ತ ನಿಂತಿರುತ್ತೇನೆ. ಯಾರಾದರೂ ಬಾ ಎಂದರೆ ಎಷ್ಟು ದೂರಕ್ಕಾದರೂ ಹೊರಟೇನು. ಕರೆಯುತ್ತಿದ್ದವರು ಅವರೊಬ್ಬರೇ.