ನಾಲ್ಕನೇ ಟೇಕಿಗೆ ಸುತ್ತು ಹಾಕಿದವರು

ಬೆಳಗಿನ ಐದೂ ನಲವತ್ತು. ಲಾಸ್ ಏಂಜಲೀಸಿನ ವ್ಯಾನ್ ನೈಸ್ ಬಡಾವಣೆಯ ಈ ಪಾರ್ಕಿಂಗ್ ಜಾಗದಲ್ಲಿ ಸೂರ್ಯ ಇನ್ನೂ ಹುಟ್ಟಿಲ್ಲ. ಹುಟ್ಟಬೇಕಾದರೂ ಮೊದಲು ಥೆಲ್ಮಾ ಒಕಾಂಪೊ ಅವರನ್ನು ಒಂದು ಮಾತು ಕೇಳಬೇಕು. ನಿನ್ನೆ ಯಾವ ಕಟ್ಟಡದ ಪಕ್ಕದಿಂದ, ಎಷ್ಟು ಕೆಂಪಗೆ ಎದ್ದು ಬಂದಿದ್ದ ಎನ್ನುವುದು ಅವರ ನೋಟ್‌ಬುಕ್ಕಿನಲ್ಲಿದೆ. ಅರವತ್ತೊಂಬತ್ತರ ಈ ಹೆಂಗಸು ಮಡಚುವ ಸ್ಟೂಲಿನ ಮೇಲೆ ಕೂತಿದ್ದಾರೆ. ಕೊರಳಲ್ಲಿ ಸ್ಟಾಪ್‌ವಾಚ್, ಕಿವಿಯ ಮೇಲೊಂದು ಪೆನ್ಸಿಲ್, ಕೈಯಲ್ಲಿ ಇನ್ನೊಂದು. ಅಲ್ಲಿಂದಲೇ ನಲವತ್ತು ಅಡಿ ದೂರದ ನಾಯಕನಟನ ಮೇಲೆ ಗುಡುಗುತ್ತಾರೆ.

"ಏಯ್ ಸುಂದರಾಂಗ! ನಿನ್ನೆ ಕಾರಿನ ಕೀ ಎಡಗೈಲಿತ್ತು. ಮನೆಗೆ ಹೋಗಿ ಕೈ ಬದಲಾಯಿಸ್ಕೊಂಡು ಬಂದ್ಯಾ?"

ಸಹಾಯಕ ನಿರ್ದೇಶಕ ಎಫ್ರೇನ್, ನಲವತ್ತು ದಾಟಿದ ಗಂಡಸು, ಡೋನಟ್ಟಿನ ಗುಲಾಬಿ ಡಬ್ಬಿ ಹಿಡಿದು ಸಮಾಧಾನಕ್ಕೆ ಓಡಿಬರುತ್ತಾನೆ. ಸೆಟ್ಟಿನವರಿಗೆಲ್ಲ ಥೆಲ್ಮಾ 'ತಿಯಾ', ಅಂದರೆ ಅತ್ತೆ.

"ತಿಯಾ, ಹೋಗ್ಲಿ ಬಿಡಿ. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಯ್ತಲ್ಲೋ! ನಾನು ಯಾರೂ ಅಲ್ವಾ?"

ಕೀ ಎಡಗೈಗೆ ಬರುತ್ತದೆ. ಡೋನಟ್ಟೊಂದು ಥೆಲ್ಮಾ ಅವರ ಮಡಿಲಿಗೆ ಬರುತ್ತದೆ.

ಸಿನಿಮಾವನ್ನು ಕಥೆಯ ಸಾಲಿನಲ್ಲಿ ಯಾರೂ ತೆಗೆಯುವುದಿಲ್ಲ. ನಾಯಕಿ ಬಾಗಿಲು ತೆರೆಯುವುದು ಸೋಮವಾರ, ಆ ಬಾಗಿಲಿನಿಂದ ಹೊರಗೆ ಕಾಲಿಡುವುದು ಮೂರು ವಾರ ಕಳೆದ ಮೇಲೆ. ಅಷ್ಟರೊಳಗೆ ಅವಳ ಜಡೆ, ಗುಂಡಿ, ಕಣ್ಣೀರು ಎಲ್ಲವೂ ಇದ್ದಲ್ಲೇ ಇರಬೇಕು. ಅದನ್ನು ಕಾಯುವ ಕೆಲಸಕ್ಕೆ ಕಂಟಿನ್ಯುಟಿ ಎನ್ನುತ್ತಾರೆ. ಥೆಲ್ಮಾ ಅದನ್ನು ನಲವತ್ತಾರು ವರ್ಷದಿಂದ, ನೂರಿಪ್ಪತ್ತೆಂಟು ಚಿತ್ರಗಳಲ್ಲಿ ಮಾಡುತ್ತಿದ್ದಾರೆ. ದಿನಕ್ಕೆ ಮುನ್ನೂರು ಫೋಟೋ, ಒಂಬತ್ತು ಪೆನ್ಸಿಲ್, ಹನ್ನೆರಡು ಜಗಳ. ಅವರು ಸವೆಸಿದ ಪೆನ್ಸಿಲ್ಲುಗಳನ್ನು ತುದಿಗೆ ತುದಿ ಜೋಡಿಸಿದರೆ ಲಾಸ್ ಏಂಜಲೀಸಿನಿಂದ ಚಂದ್ರನಿಗೆ ಹೋಗಿ, ಅಲ್ಲಿ ಯಾರಾದರೂ ಟೋಪಿ ತಪ್ಪಾಗಿ ಹಾಕಿಕೊಂಡಿದ್ದರೆ ಬೈದು ವಾಪಸ್ ಬರಬಹುದು.

ಹುಟ್ಟಿದ್ದು ಇದೇ ಊರಿನ ಬಾಯ್ಲ್ ಹೈಟ್ಸ್‌ನಲ್ಲಿ. ತಾಯಿ ಗಾರ್ಮೆಂಟ್ಸಿನಲ್ಲಿ ಗುಂಡಿ ಹೊಲಿಯುತ್ತಿದ್ದರು. "ಅಮ್ಮ ರಾಶಿ ಅಂಗಿ ಮುಂದೆ ಕೂರ್ಸಿ, ಬೇರೆ ಥರದ ಗುಂಡಿ ಯಾವ್ದು ಹುಡುಕು ಅನ್ನೋರು. ನನ್ನ ವಿದ್ಯಾಭ್ಯಾಸ ಅಷ್ಟೇ," ಎನ್ನುತ್ತಾರೆ. ಇಪ್ಪತ್ತಾರಕ್ಕೆ ಗಂಡ ಆಲ್ವಿನ್‌ನನ್ನು ಬಿಟ್ಟರು. ಆಲ್ವಿನ್ ಮಾತ್ರ ಬಿಡಲಿಲ್ಲ. ತನ್ನ ಮೀನಿನ ಗಾಳ ಮರೆತೆ ಎಂದು ಎರಡು ವರ್ಷ ಬಾಗಿಲು ತಟ್ಟಿದ. ಗಾಳ ಮೊದಲ ವಾರವೇ ಅವನ ಕೈ ಸೇರಿತ್ತು.

"ಅಕ್ಕಪಕ್ಕದೋರೆಲ್ಲ, ಅಯ್ಯೋ, ಎಷ್ಟು ಪ್ರೀತಿ ನೋಡೇ ಅವನಿಗೆ, ಅನ್ನೋರು. ಪ್ರೀತಿಯಂತೆ! ಬೇಡ ಅಂದೋಳ ಬಾಗ್ಲಿಗೆ ದಿನಾ ಬರೋದು ಪ್ರೀತಿ ಅಲ್ಲ, ಹಾಜರಿ!"

ಇಂಥದೇ ಹಾಜರಿಯ ಮೇಲೆ ಒಂದು ಸಿನಿಮಾ ಬಂತು, ಕಂಟಿನ್ಯುಟಿ ಥೆಲ್ಮಾ ಅವರದೇ. ಹೆಸರು 'ಇದೇ ಕೊನೆ, ಆಣೆಗೂ'. ನಲವತ್ತೆರಡು ವರ್ಷದ ಹಿಂದೆ ಒಂಬತ್ತೇ ದಿನ ಓಡಿ ಮಾಯವಾದ ಹಾಸ್ಯಚಿತ್ರ. ಭೂಮಂಡಲದ ಮೇಲೆ ಅದಕ್ಕಿಂತ ನಗಿಸುವ ಚಿತ್ರ ಹುಟ್ಟಿಲ್ಲ, ಆದರೆ ಅದನ್ನು ನೋಡಿದವರನ್ನು ಒಂದು ಲಿಫ್ಟಿನೊಳಗೆ ತುಂಬಿಸಬಹುದು. ಈಜುಕೊಳ ತೊಳೆಯುವ ವಾಲಿ ಮೊದಲ ದೃಶ್ಯದಲ್ಲೇ ತನ್ನ ಗೆಳತಿ ಫೇಯೊಂದಿಗೆ ಸಂಬಂಧ ಮುರಿದುಕೊಳ್ಳುತ್ತಾನೆ. ಹತ್ತು ನಿಮಿಷಕ್ಕೇ ಪಶ್ಚಾತ್ತಾಪ. ಆಮೇಲೆ ಒಂದೊಂದೇ ಸಾಮಾನು ಅವಳ ಮನೆಯಲ್ಲಿ 'ಮರೆತು' ಹೋಗುತ್ತಾನೆ, ಅದನ್ನು ಒಯ್ಯಲು ಮತ್ತೆ ಬರುತ್ತಾನೆ. ಸ್ವೆಟರ್, ಸ್ಪ್ಯಾನರ್, ಕೊನೆಗೆ ಕೆಮ್ಮುವ ಗಿಳಿ. ಒಟ್ಟು ಹದಿನೇಳು. ಯಾವುದು ಯಾವ ದೃಶ್ಯದಲ್ಲಿ ಯಾರ ಮನೆಯಲ್ಲಿದೆ ಎನ್ನುವುದು ದೇವರಿಗೂ ತಿಳಿಯದು. ತಿಳಿದಿದ್ದದ್ದು ಥೆಲ್ಮಾ ಅವರ ಪಟ್ಟಿಗೆ ಮಾತ್ರ.

ಸ್ಕ್ರಿಪ್ಟಿನ ಪ್ರಕಾರ ಕೊನೆಯಲ್ಲಿ ವಾಲಿ ಬಾಗಿಲು ತಟ್ಟುತ್ತಾನೆ, ಪಾತ್ರೆ ತೊಳೆಯುತ್ತಿದ್ದ ಫೇ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿಕೊಂಡೇ ಬಂದು ಬಾಗಿಲು ತೆರೆದು ತಬ್ಬಿಕೊಳ್ಳುತ್ತಾಳೆ. ಮೂರು ಟೇಕ್ ಹಾಗೆಯೇ ಆಯಿತು. ನಾಲ್ಕನೆಯದಕ್ಕೆ ಮುಂಚೆ ಫೇ ಪಾತ್ರದ ನಟಿ ಇನೆಜ್ ವಾರ್ಡ್ ಇವರ ಸ್ಟೂಲಿನ ಬಳಿ ಬಂದು ಬಗ್ಗಿದಳು.

"ಥೆಲ್ಮಾ, ಈಗ ಅವನ ಸಾಮಾನು ನನ್ನ ಮನೇಲಿ ಏನೇನಿದೆ?"

"ಏನೂ ಇಲ್ಲ ಕಣೇ. ಹದಿನೇಳು ಬಂತು, ಹದಿನೇಳೂ ಹೋಯ್ತು."

"ಮತ್ತೆ ಯಾಕೆ ಬಂದಿದಾನೆ?"

"ಅವನ್ನೇ ಕೇಳು."

ಕೇಳಿಯೇಬಿಟ್ಟಳು. ಕ್ಯಾಮೆರಾ ಓಡುತ್ತಿರುವಾಗ, ನಡುಗುತ್ತ, "ನಿಂದು ಇಲ್ಲಿ ಏನೂ ಉಳಿದಿಲ್ಲ. ನಾನು ಎಣಿಸಿದೀನಿ," ಎಂದು ಬಾಗಿಲು ಹಾಕಿದಳು. ಆ ನಡುಕಕ್ಕೆ ಮಡಚಿದ್ದ ಅಂಗಿಯ ತೋಳು ಮಣಿಕಟ್ಟಿನವರೆಗೆ ಜಾರಿತ್ತು. ನಿರ್ದೇಶಕ ಡೆಸ್ಮಂಡ್ ಕ್ರೇಲ್ ಕೆಂಡವಾದ. "ಡೈಲಾಗ್ ತಪ್ಪು, ತೋಳು ತಪ್ಪು! ಇದು ಬೇಡ!"

ಇಲ್ಲೊಂದು ಪದ್ಧತಿ ಇದೆ. ನಿರ್ದೇಶಕ ಒಪ್ಪಿದ ಟೇಕಿನ ನಂಬರಿಗೆ ಕಂಟಿನ್ಯುಟಿಯವರು ಸುತ್ತು ಹಾಕುತ್ತಾರೆ. ಸುತ್ತಿದ್ದುದನ್ನು ಮಾತ್ರ ಲ್ಯಾಬು ಪ್ರಿಂಟ್ ಮಾಡುತ್ತದೆ, ಉಳಿದದ್ದು ಡಬ್ಬಿಯಲ್ಲೇ ಕೊಳೆಯುತ್ತದೆ. ತೀರ್ಮಾನ ನಿರ್ದೇಶಕನದು, ಪೆನ್ಸಿಲ್ ಮಾತ್ರ ಥೆಲ್ಮಾ ಅವರದು. ನಿರ್ದೇಶಕ ಹೇಳದೆ ಸುತ್ತು ಹಾಕುವುದು ಈ ವೃತ್ತಿಯಲ್ಲಿ ಕಳ್ಳಸಹಿ ಮಾಡಿದ ಹಾಗೆ. ಗೊತ್ತಾದರೆ ಮತ್ತೆ ಯಾರೂ ಕರೆಯುವುದಿಲ್ಲ.

ಕ್ರೇಲ್ ಒಪ್ಪಿದ ಎರಡನೇ ಟೇಕಿಗೆ ಸುತ್ತು ಬಿತ್ತು. ಅದೇ ಉಸಿರಿನಲ್ಲಿ ನಾಲ್ಕಕ್ಕೂ ಒಂದು ಬಿತ್ತು. ಮರುದಿನ ನಾಲ್ಕರ ಪ್ರಿಂಟ್ ನೋಡಿದ ನಿರ್ಮಾಪಕರು ಮೊದಲು ನಕ್ಕರು, ಆಮೇಲೆ ಎದ್ದು ಚಪ್ಪಾಳೆ ತಟ್ಟಿದರು; ಚಿತ್ರ ಅದರಲ್ಲೇ ಮುಗಿಯಿತು. ಕ್ರೇಲ್ ಎದ್ದು ನಿಂತು ತಲೆಬಾಗಿದ. ಅಲ್ಲಿಂದ ನಲವತ್ತು ವರ್ಷ ಸಿಕ್ಕ ಸಿಕ್ಕ ಸಂದರ್ಶನದಲ್ಲೆಲ್ಲ ಆ ಬಾಗಿಲನ್ನು ತಾನೇ ಮುಚ್ಚಿಸಿದೆ ಎಂದ. ಚಿತ್ರದ ಹೆಸರುಪಟ್ಟಿಯಲ್ಲಿ ಗಿಳಿಯ ಯಜಮಾನನ ಹೆಸರಿದೆ, ಥೆಲ್ಮಾ ಅವರದಿಲ್ಲ. ಇನೆಜ್ ಹನ್ನೊಂದು ವರ್ಷದ ಹಿಂದೆ ತೀರಿಕೊಂಡಳು. ಆ ಸುತ್ತು ಬೇಕಂತಲೇ ಬಿದ್ದದ್ದು ಎಂದು ಗೊತ್ತಿದ್ದವರು ಇವರೊಬ್ಬರೇ ಉಳಿದರು, ಬಾಯಿ ಬಿಡಲಿಲ್ಲ.

ಈಗ ಬರ್ಬ್ಯಾಂಕಿನ ಒಂದು ಸಿನಿಮಾ ಸಂಗ್ರಹಾಲಯ ಚಿತ್ರವನ್ನು ತೊಳೆದು ಹೊಸದು ಮಾಡುತ್ತಿದೆ. ಎಂಬತ್ನಾಲ್ಕರ ಕ್ರೇಲ್‌ಗೆ ಹಠಾತ್ತನೆ ಎರಡನೇ ಟೇಕಿನ ತಬ್ಬುಗೆಯೇ ಕೊನೆಯಲ್ಲಿ ಬೇಕಾಗಿದೆ. ಈ ಕಾಲದವರಿಗೆ ಭರವಸೆ ಬೇಕು, ನಾಲ್ಕನೇ ಟೇಕನ್ನು ತಾನು ಒಪ್ಪಿರಲೇ ಇಲ್ಲ, ಯಾವುದೋ ಅಜಾಗರೂಕ ಹುಡುಗಿಯ ಕೈತಪ್ಪಿನಿಂದ ಸೇರಿಕೊಂಡಿದೆ, ತೋಳು ನೋಡಿದರೇ ಗೊತ್ತಾಗುತ್ತದೆ ಎಂದು ಕಾಗದ ಬರೆದಿದ್ದಾನೆ. ನಲವತ್ತು ವರ್ಷದಲ್ಲಿ ಆ ಮನುಷ್ಯ ಹೇಳಿದ ಮೊದಲ ಸತ್ಯ ಅದು, ಅದರಲ್ಲೂ ಅರ್ಧ ಸುಳ್ಳು.

"ಅಜಾಗರೂಕ!" ಥೆಲ್ಮಾ ಅವರ ಕೈಯಲ್ಲಿ ಪೆನ್ಸಿಲ್ಲಿನ ಮೊನೆ ಮುರಿಯುತ್ತದೆ. "ಕಳ್ಳಿ ಅಂತ ಬರೀ, ಸಹಿಸ್ಕೋತೀನಿ. ಅಜಾಗರೂಕ ಅಂತ ನನಗೆ ನಮ್ಮಮ್ಮನೂ ಅಂದಿಲ್ಲ!"

ಸಂಗ್ರಹಾಲಯದ ಪ್ರಿಸಿಲ್ಲಾ ಯೂನ್ ಫೋನ್ ಮಾಡಿ ನೇರವಾಗಿ ಹೇಳಿದರು. "ಮೇಡಂ, ಕೈತಪ್ಪಿನಿಂದ ಸೇರಿದ್ದಾದ್ರೆ ತೆಗೀತೀವಿ. ಯಾರಾದ್ರೂ ಬೇಕಂತಲೇ ಸೇರಿಸಿದ್ದಾದ್ರೆ ಮುಟ್ಟಲ್ಲ. ನಿಮ್ಮ ನೋಟ್‌ಬುಕ್ ಏನು ಹೇಳುತ್ತೆ?" ಸುಮ್ಮನಿದ್ದರೆ ಬಾಗಿಲು ತೆರೆದುಕೊಳ್ಳುತ್ತದೆ. ಬಾಯಿ ಬಿಟ್ಟರೆ ನಲವತ್ತಾರು ವರ್ಷದ ಹೆಸರು ಹೋಗುತ್ತದೆ.

ಕಳೆದ ಮಂಗಳವಾರ ಮಧ್ಯಾಹ್ನ ಥೆಲ್ಮಾ ನೋಟ್‌ಬುಕ್ ಕಂಕುಳಲ್ಲಿಟ್ಟುಕೊಂಡು ಬರ್ಬ್ಯಾಂಕಿಗೆ ಹೋದರು. ಕ್ರೇಲ್ ಆಗಲೇ ಗಾಲಿಕುರ್ಚಿಯಲ್ಲಿ ಕೂತಿದ್ದ. ಪುಟ ತೆರೆದರೆ ಅವರದೇ ಅಕ್ಷರ: 'ಟೇಕ್ ನಾಲ್ಕು. ತೋಳು ತಪ್ಪು.' ಅದರ ಸುತ್ತ, ಕಾಗದ ಹರಿಯುವಷ್ಟು ಒತ್ತಿ ಎಳೆದ ಸುತ್ತು.

"ನೋಡಿದ್ರಾ? ತಪ್ಪು ಅಂತ ಅವಳೇ ಬರೆದಿದಾಳೆ," ಎಂದ ಕ್ರೇಲ್.

"ಬರೆದಿದೀನಿ. ತಪ್ಪು ಅಂತ ಗೊತ್ತಿದ್ದೇ ಸುತ್ತು ಹಾಕಿದೀನಿ. ನೀನು ಬೇಡ ಅಂದೆ, ನಾನು ಬೇಕು ಅಂದೆ. ಕೈ ತಪ್ಪಲಿಲ್ಲ ಡೆಸ್ಮಂಡ್. ನನ್ನ ಕೈ ಯಾವತ್ತೂ ತಪ್ಪಿಲ್ಲ."

ಪ್ರಿಸಿಲ್ಲಾ ಬರೆದುಕೊಳ್ಳುವುದನ್ನು ನಿಲ್ಲಿಸಿದರು. ಕ್ರೇಲ್‌ನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. "ನೀನ್ಯಾರೇ ತೀರ್ಮಾನ ಮಾಡೋಕೆ? ನೀನೊಬ್ಳು ಗುಮಾಸ್ತೆ!"

"ಹೂಂ ಕಣಯ್ಯ, ಗುಮಾಸ್ತೆ. ಗುಮಾಸ್ತೆ ಗೀಚಿದ್ದಕ್ಕೇ ನಲವತ್ತು ವರ್ಷ ತಲೆಬಾಗ್ಕೊಂಡು ತಿರುಗಿದೆ. ಇನ್ನಾದ್ರೂ ಬೆನ್ನು ನೆಟ್ಟಗೆ ಮಾಡ್ಕೋ!"

ಬಾಗಿಲು ಮುಚ್ಚಿಯೇ ಇರುತ್ತದೆ ಎಂದು ಸಂಗ್ರಹಾಲಯ ತೀರ್ಮಾನಿಸಿದೆ. ಸುದ್ದಿ ಊರೆಲ್ಲ ಹರಡಿದೆ. ಮುಂದಿನ ತಿಂಗಳು ಥೆಲ್ಮಾ ಅವರನ್ನು ಕರೆದಿದ್ದ ಒಂದು ಕಂಪನಿ, ನಂಬಿಕೆಯ ಪ್ರಶ್ನೆ ಎಂದು ಕೆಲಸ ವಾಪಸ್ ತೆಗೆದುಕೊಂಡಿದೆ. ಎಫ್ರೇನ್ ಮಾತ್ರ, "ತಿಯಾ ನನ್ನ ಸೆಟ್ಟಲ್ಲೇ ಇರ್ತಾರೆ. ಹೇಳ್ದೆ ಸುತ್ತು ಹಾಕಿದ್ರೆ ಕಣ್ಣು ಮುಚ್ಕೋತೀನಿ," ಎನ್ನುತ್ತಾನೆ.

"ಮುಚ್ಕೋಬೇಡ, ಕೀ ಯಾವ ಕೈಲಿದೆ ನೋಡು," ಎಂದು ಥೆಲ್ಮಾ ಅವನನ್ನೂ ಬಿಡುವುದಿಲ್ಲ.

ಹೊಸ ಪ್ರಿಂಟಿನಲ್ಲಿ ನಿಮ್ಮ ಹೆಸರು ಹಾಕಲೇ ಎಂದು ಪ್ರಿಸಿಲ್ಲಾ ಕೇಳಿದ್ದಕ್ಕೆ, "ಹಾಕಿ, ಬಿಡಿ, ನಿಮ್ಮಿಷ್ಟ," ಎಂದರಂತೆ. ಜಾರಿದ ತೋಳನ್ನು ಕಂಪ್ಯೂಟರಿನಲ್ಲಿ ಸರಿಮಾಡಲೇ ಎಂದದ್ದಕ್ಕೆ ಕೊಟ್ಟ ಉತ್ತರ ಅಚ್ಚು ಹಾಕುವಂಥದ್ದಲ್ಲ. ಅವರು ಕೇಳಿಕೊಂಡದ್ದು ಒಂದನ್ನೇ.

"ಬಾಗ್ಲು ಹಾಕಿದ್ಮೇಲೆ ತೆರೆ ಕಪ್ಪಾಗುತ್ತಲ್ಲ, ಆಗ ಥಿಯೇಟರಿನೋರು ಲೈಟ್ ಹಾಕಿಬಿಡ್ತಾರೆ, ಜನ ಎದ್ದುಬಿಡ್ತಾರೆ. ಇನ್ನು ನಾಲ್ಕು ಸೆಕೆಂಡು ಕಾಯೋಕೆ ಹೇಳಿ. ಆ ಕತ್ತಲಲ್ಲಿ ಅವಳು ಒಳಗಿಂದ ಚಿಲಕ ಹಾಕ್ಕೊಳ್ಳೋ ಸದ್ದಿದೆ. ಅದು ಕೇಳಿಸ್ಲಿ."