ನಿಮಿಷಕ್ಕೆ ಇಪ್ಪತ್ತೊಂದು ಹನಿ

ಎಚ್.ಡಿ. ಕೋಟೆಯ ಆ ಸಣ್ಣ ಆಸ್ಪತ್ರೆಗೆ ನಾನು ನರ್ಸ್ ಆಗಿ ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ. ಮಧ್ಯಾಹ್ನದ ಹೊತ್ತು ವಾರ್ಡು ನೀರಿನಡಿ ಮುಳುಗಿದಂತಿರುತ್ತಿತ್ತು. ಹಸಿರು ಪರದೆ ದಾಟಿ ಬಂದ ಬಿಸಿಲು ಗ್ಲೂಕೋಸ್ ಬಾಟಲಿಗಳೊಳಗೆ ತೂಕಡಿಸುತ್ತಿತ್ತು. ಬಾಟಲಿಯ ಕೆಳಗಿನ ಪುಟ್ಟ ಕೊಳವೆಯಲ್ಲಿ ಹನಿ ಉಬ್ಬಿ, ಒಂದು ಗಳಿಗೆ ತಡೆದು, ಬೀಳುವುದನ್ನು ಎಣಿಸುತ್ತ ನಿಂತರೆ ಎಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು.

ಅಂಥದ್ದೊಂದು ಮಧ್ಯಾಹ್ನ, ವಾಂತಿ ಭೇದಿಯಾಗಿ ನಿತ್ರಾಣರಾಗಿದ್ದ ಅಜ್ಜಿಯೊಬ್ಬರನ್ನು ಸೇರಿಸಿಕೊಂಡೆವು. ಹೃದಯ ಬೇರೆ ದುರ್ಬಲ.

"ಅರ್ಧ ಲೀಟರು, ಎಂಟು ಗಂಟೆ. ನಿಧಾನಕ್ಕೆ ಹೋಗ್ಲಿ," ಎಂದರು ಡಾಕ್ಟರು.

ನಮ್ಮ ಟ್ಯೂಬಿನಲ್ಲಿ ಇಪ್ಪತ್ತು ಹನಿಗೆ ಒಂದು ಎಂ.ಎಲ್. ಲೆಕ್ಕ ಹಾಕಿದೆ: ನಿಮಿಷಕ್ಕೆ ಇಪ್ಪತ್ತೊಂದು ಹನಿ. ಗಡಿಯಾರ ನೋಡುತ್ತ ಟ್ಯೂಬಿನ ಮೇಲಿನ ಪುಟ್ಟ ಚಕ್ರ ತಿರುಗಿಸಿ ಹದಕ್ಕೆ ತಂದೆ. ಅಜ್ಜಿಗೆ ಏನೂ ಹೇಳಲಿಲ್ಲ.

ಪಕ್ಕದ ವಾರ್ಡಿನಲ್ಲಿ ಇಬ್ಬರಿಗೆ ಡ್ರೆಸ್ಸಿಂಗ್ ಮುಗಿಸಿ ಬರುವಷ್ಟರಲ್ಲಿ ಅವರು ಕೆಮ್ಮುತ್ತ ಏದುಸಿರು ಬಿಡುತ್ತಿದ್ದರು. ಹನಿ ಕಾಣಲೇ ಇಲ್ಲ. ನೀರು ದಾರದಂತೆ ಇಳಿಯುತ್ತಿತ್ತು, ಬಾಟಲಿ ಮುಕ್ಕಾಲು ಖಾಲಿ. ಚಕ್ರ ಪೂರ್ತಿ ಮುಚ್ಚಿ, ಅವರನ್ನು ಎತ್ತಿ ಕೂರಿಸಿ, ಆಕ್ಸಿಜನ್ ಹಾಕಿ ಡಾಕ್ಟರನ್ನು ಕೂಗಿದೆ. ಮೈಯ ನೀರು ಇಳಿಸುವ ಇಂಜೆಕ್ಷನ್ ಕೊಟ್ಟರು. ಉಸಿರು ನಿಧಾನವಾಗಿ ಹತೋಟಿಗೆ ಬಂತು.

"ಚಕ್ರ ನೀವೇ ತಿರುಗಿಸಿದ್ರಾ ಅಜ್ಜಿ?"

"ಊಂ ಕಣವ್ವ. ಮನೇಲಿ ಎಮ್ಮೆ ಈಯೋ ಅಂಗೈತೆ. ಬಾಟ್ಲು ಖಾಲಿಯಾದ್ರೆ ಕಳಿಸ್ತಾರೆ ಅನ್ಕಂಡೆ."

ಬಯ್ಯಲು ಬಾಯಿ ತೆರೆದವಳು ಅವರ ಬೆನ್ನಿನ ದಿಂಬು ಸರಿಮಾಡಿದೆ. ಅವರಿಗೆ ಹೇಳಬೇಕಾಗಿದ್ದವಳು ನಾನೇ.

"ನಿಮ್ಮ ಎದೆ ದಣಿದಿದೆ. ಒಂದೇ ಸಲ ಇಷ್ಟು ನೀರು ಬಂದ್ರೆ ತಡ್ಕೊಳಲ್ಲ, ಉಸಿರಾಡೋ ಜಾಗದಲ್ಲಿ ನೀರು ತುಂಬ್ಕೊಳುತ್ತೆ."

ಅಜ್ಜಿಗೆ ತಮ್ಮ ಹೊಗೆಸೊಪ್ಪಿನ ಹೊಲ ನೆನಪಾಯಿತು. "ಒಗೆಸೊಪ್ಪಿನ ಸಸಿಮಡೀಗೆ ಒಟ್ಟಿಗೇ ನೀರು ಬುಟ್ಟಂಗೆ ಅನ್ನು. ಸಸಿ ಕೊಚ್ಕೊಂಡೋಯ್ತವೆ."

ನಾಲ್ಕು ವರ್ಷ ಓದಿದ ನನಗೆ ಅಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ.

ಮರುದಿನ ಡಾಕ್ಟರು ಪರೀಕ್ಷಿಸಿ ಇನ್ನೊಂದು ಬಾಟಲಿ ಹಾಕಿಸಿದರು, ನಿಮಿಷಕ್ಕೆ ಬರೀ ಹದಿನೈದು ಹನಿ. ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. ನಾನು ಮೊಬೈಲಿನಲ್ಲಿ ಸೆಕೆಂಡು ನೋಡುತ್ತಿದ್ದೆ, ಅಜ್ಜಿ ಹನಿ ನೋಡುತ್ತ ಮೆಲ್ಲಗೆ ಎಣಿಸುತ್ತಿದ್ದರು. ಫ್ಯಾನು ಗಿರಗಿರ ಎನ್ನುತ್ತಿತ್ತು. ಒಂಬತ್ತು, ಹತ್ತು, ಹನ್ನೊಂದು... ಅಲ್ಲಿಗೆ ಅವರ ದನಿ ನಿದ್ದೆಗೆ ಜಾರಿತು. ಉಳಿದದ್ದನ್ನು ನಾನೇ ಎಣಿಸಿದೆ. ನಿಮಿಷ ಮುಗಿದರೂ ಏಳಲು ಮನಸ್ಸಾಗಲಿಲ್ಲ. ಹನಿ ಬೀಳುತ್ತಿತ್ತು, ಅವರ ಎದೆ ಏರಿ ಇಳಿಯುತ್ತಿತ್ತು.

ಮೂರನೇ ದಿನ ಅವರು, ಕರೆದೊಯ್ಯಲು ಬಂದ ಮಗಳ ಕೈ ಹಿಡಿದು ನಡೆದುಕೊಂಡೇ ಬಸ್ ಸ್ಟ್ಯಾಂಡಿಗೆ ಹೋದರು.